ಉತ್ತರ ಹೋಗದ ಗುಂಪು

ನಮ್ಮ ವರದಿ ಅಚ್ಚಾಗಿ ಬಂದಿದೆ. ನುಣುಪು ಕಾಗದ, ನೀಲಿ ರಕ್ಷಾಪುಟ, ಮೇಲೆ ಮೊಬೈಲ್ ಹಿಡಿದ ಕೈಯ ಚಿತ್ರ. ಸುಳ್ಳು ಸುದ್ದಿ ಹೇಗೆ ಹಬ್ಬುತ್ತದೆ, ಅದಕ್ಕೆ ಉತ್ತರ ಕೊಟ್ಟರೆ ಎಷ್ಟು ಪ್ರಯೋಜನ ಎಂದು ಮಂಗಳೂರಿನ ವಾಟ್ಸಾಪ್ ಗ್ರೂಪುಗಳ ಒಳಗೆ ಕೂತು ನೋಡಿ ಬರೆದದ್ದು. ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇದೆ. ಅದನ್ನು ಯಾರೂ ಓದುವುದಿಲ್ಲ. ಅದರ ಒಂದು ಸಾಲಿನಲ್ಲಿ ಹೀಗಿದೆ: ವಿಡಿಯೊ, ಹದಿನಾಲ್ಕು ಸೆಕೆಂಡು, ಮೀನು ಮಾರುವ ಹೆಂಗಸು. ಎಬ್ಬಿಸುವ ಭಾವ: ಭಯ, ಅಸಹ್ಯ. ಯಾರಿಗಾದರೂ ಹಾನಿ: ಇರಬಹುದು.

ಆ "ಇರಬಹುದು" ಬರೆದವಳು ನಾನು. ಮೀನು ಮಾರುವ ಆ ಹೆಂಗಸು ನನ್ನ ಚಿಕ್ಕಮ್ಮ. ವರದಿ ಕೈಗೆ ಬಂದ ದಿನ ಸಿಟ್ಟಿನಲ್ಲಿ ಆ ಪುಟವನ್ನು ಹರಿದು ಮುದ್ದೆ ಮಾಡಿ ಬಿಸಾಡಿದೆ. ಒಂದು ಪುಟ ಹರಿದು ಏನಾಗಬೇಕು, ಕದ್ರಿಯ ನಮ್ಮ ಆಫೀಸಿನಲ್ಲಿ ಅಂಥ ಪ್ರತಿಗಳು ಕಟ್ಟುಕಟ್ಟು ಬಿದ್ದಿವೆ.

ಅಮ್ಮ ಹೋದಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಸಾಕಿದವಳು ಅಮ್ಮನ ಈ ತಂಗಿ. ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಬಾಯಿ ಜೋರು ಮಾಡಿ ಒಳ್ಳೆಯ ಮೀನು ಹಿಡಿದು, ಐಸ್ ಹಾಕಿ, ಬುಟ್ಟಿ ಹೊತ್ತು ಬಿಜೈ, ಕದ್ರಿಯ ಮನೆಗಳಿಗೆ ಹೋಗುತ್ತಾಳೆ. ನಾನು ಎಂ.ಎ. ಮಾಡಿದ್ದು, ಮೊಬೈಲಿನಲ್ಲಿ ಸುಳ್ಳು ಯಾವುದು ನಿಜ ಯಾವುದು ಎಂದು ನೋಡುವ ಕೆಲಸಕ್ಕೆ ಸೇರಿದ್ದು, ಎಲ್ಲವೂ ಆ ಬುಟ್ಟಿಯ ಬಲದಿಂದ. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಖಾರ ಅರ್ಧಕ್ಕರ್ಧ ಇಳಿದಿರುತ್ತದೆ, ಅದನ್ನು ಓದುವವರೇ ಸೇರಿಸಿಕೊಳ್ಳಬೇಕು.

ನಮ್ಮಲ್ಲಿ ಮೀನು ಕೊಳ್ಳುವುದಕ್ಕೆ ಒಂದು ಕ್ರಮ ಇದೆ. ಮಾರುವವಳ ಮಾತನ್ನು ಯಾರೂ ನಂಬುವುದಿಲ್ಲ. ಕಿವಿರು ಎತ್ತಿ ಕೆಂಪಗಿದೆಯೋ ನೋಡಬೇಕು, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಬೇಕು, ಕಣ್ಣು ಗುಳಿ ಬಿದ್ದಿದೆಯೋ ಪರೀಕ್ಷಿಸಬೇಕು, ಮೂಸಬೇಕು, ಎಲ್ಲ ಸರಿ ಇದ್ದರೂ ಒಮ್ಮೆ ಮೂಗು ಮುರಿಯಬೇಕು. ಆಮೇಲೆ ಚೌಕಾಸಿ. ಚಿಕ್ಕಮ್ಮನಿಗೆ ಇದರಿಂದ ಯಾವತ್ತೂ ಬೇಸರವಾದದ್ದಿಲ್ಲ. ನೋಡದೆ ಕೊಳ್ಳುವ ಗಿರಾಕಿಯನ್ನು ಕಂಡರೇ ಅವಳಿಗೆ ತಾತ್ಸಾರ. "ಕಿವಿರು ಎತ್ತಿ ನೋಡದವರಿಗೆ ಬಂಗುಡೆ ಆದರೆ ಎಂತ, ಬದನೆಕಾಯಿ ಆದರೆ ಎಂತ" ಎನ್ನುತ್ತಾಳೆ.

ಬಿಜೈಯಲ್ಲಿ ಒಂದು ಫ್ಲಾಟು. ಅಲ್ಲಿ ಹತ್ತಾರು ಮನೆಗಳು ಅವಳ ಖಾಯಂ ಗಿರಾಕಿ. ಎರಡನೆಯ ಮಹಡಿಯ ಒಬ್ಬ ಹೆಂಗಸು ಅವಳಿಗೆ ತುಂಬ ಬೇಕಾದವರು. ಊರಿನ ಯಜಮಾನಿಕೆಯ ದೊಡ್ಡ ಗುತ್ತಿನ ಮನೆಯಿಂದ ಬಂದವರು, ಗಂಡನ ಮನೆಯವರದ್ದು ಹೋಟೆಲು. ಬೇಸಿಗೆಯಲ್ಲಿ ಬುಟ್ಟಿಯ ಐಸ್ ಬೇಗ ಕರಗುತ್ತದೆ ಎಂದು ಅವರು ವರ್ಷಗಳಿಂದ ಫ್ರಿಜ್ಜಿನ ತಣ್ಣನೆಯ ನೀರು ತುಂಬಿಸಿ ಕೊಡುತ್ತಿದ್ದರು. ಹೋಟೆಲಿಗೆ ವಿನೆಗರ್ ಬರುವ ನೀಲಿ ಮುಚ್ಚಳದ ಬಿಳಿ ಕ್ಯಾನನ್ನು ತೊಳೆದು ಅದಕ್ಕೆಂದೇ ಇಟ್ಟಿದ್ದರು. ಚಿಕ್ಕಮ್ಮ ಗೇಟಿನ ಪಕ್ಕ ಕೂತು ಆ ನೀರನ್ನು ಮೀನಿನ ಮೇಲೆ ಚಿಮುಕಿಸಿ, ಖಾಲಿ ಕ್ಯಾನನ್ನು ಮೆಟ್ಟಿಲ ಬಳಿ ಇಟ್ಟು ಮುಂದಕ್ಕೆ ಹೋಗುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಒಂದೆರಡು ಕಾಣೆ ಮೀನು ಹೆಚ್ಚಿಗೆ ಬೀಳುತ್ತಿತ್ತು. ಆ ಫ್ಲಾಟಿನ ಎಲ್ಲರೂ ಇದನ್ನು ದಿನಾ ನೋಡುತ್ತಿದ್ದರು.

ಈಗ ನಮ್ಮ ಘನಕಾರ್ಯದ ವಿಷಯ. ಸಂಶೋಧನೆಗೆ ಒಪ್ಪಿದ ಗ್ರೂಪುಗಳನ್ನು ನಾವು ಎರಡು ಭಾಗ ಮಾಡಿದ್ದೆವು. ಒಂದು ಭಾಗಕ್ಕೆ, ಸುಳ್ಳು ಸುದ್ದಿ ಬಂದ ಕೂಡಲೇ ಅದು ಸುಳ್ಳು ಏಕೆ ಎಂದು ವಿವರಿಸಿದ ಒಂದು ಉತ್ತರ ನಮ್ಮಿಂದ ಹೋಗುತ್ತಿತ್ತು. ಇನ್ನೊಂದು ಭಾಗಕ್ಕೆ ಏನೂ ಹೋಗುತ್ತಿರಲಿಲ್ಲ. ಅಲ್ಲಿ ಸುಳ್ಳು ತನ್ನ ಪಾಡಿಗೆ ತಾನು ಎಷ್ಟು ದೂರ ಹೋಗುತ್ತದೆ ಎಂದು ಸುಮ್ಮನೆ ನೋಡುವುದು. ಕೊನೆಗೆ ಎರಡನ್ನೂ ಹೋಲಿಸಿದರೆ ಉತ್ತರದ ಬಲ ಎಷ್ಟು ಎಂದು ಗೊತ್ತಾಗುತ್ತದೆ. ಆಫೀಸಿನಲ್ಲಿ ಅವನ್ನು ಉತ್ತರ ಹೋಗುವ ಗುಂಪು, ಉತ್ತರ ಹೋಗದ ಗುಂಪು ಎನ್ನುತ್ತಿದ್ದೆವು. ಯಾವುದು ಯಾವುದರಲ್ಲಿ ಎಂದು ಚೀಟಿ ಎತ್ತಿದಂತೆ ಕಂಪ್ಯೂಟರ್ ಹೇಳಿತು. ಬಿಜೈಯ ಆ ಫ್ಲಾಟಿನವರ ಗ್ರೂಪು ಉತ್ತರ ಹೋಗದ ಗುಂಪಿಗೆ ಬಿತ್ತು.

ಒಪ್ಪಿಗೆಯ ಸಹಿ ತರಲು ಅಲ್ಲಿಗೆ ಹೋದವಳು ನಾನೇ. ಇದು ಚಿಕ್ಕಮ್ಮ ಮೀನು ಕೊಡುವ ಫ್ಲಾಟು ಎಂದು ಗೊತ್ತಿತ್ತು. ಎರಡನೆಯ ಮಹಡಿಯ ಹೆಂಗಸು ನನ್ನನ್ನು ಕೂರಿಸಿ ಕಾಫಿ ಕೊಟ್ಟರು, ಚಿಪ್ಸ್ ಕೊಟ್ಟರು, ಇಂಥ ಕೆಲಸ ತುಂಬ ಅಗತ್ಯ ಎಂದು ನನ್ನ ನಂಬರನ್ನು ಗ್ರೂಪಿಗೆ ಸೇರಿಸಿಸಿದರು. ನಿಮ್ಮ ಮನೆಗೆ ಮೀನು ತರುವವಳ ಮಗಳು ನಾನು ಎಂದು ಹೇಳಲಿಲ್ಲ. ಅವರು ಕೇಳಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಕೇಳದಿದ್ದರೆ ಹೇಳಬಾರದು ಎಂದು ಯಾವ ಶಾಸ್ತ್ರದಲ್ಲಿದೆ?

ವಿಡಿಯೊ ಬಂದದ್ದು ಒಂದು ಮಂಗಳವಾರ ಬೆಳಗ್ಗೆ. ಮೂರನೆಯ ಮಹಡಿಯ ಬಾಲ್ಕನಿಯಿಂದ ಕೆಳಕ್ಕೆ ಹಿಡಿದು ತೆಗೆದದ್ದು. ಮುಖ ಕಾಣುವುದಿಲ್ಲ. ಕುಕ್ಕರುಗಾಲಲ್ಲಿ ಕೂತ ಹೆಂಗಸು, ಬುಟ್ಟಿ, ಬಿಳಿ ಕ್ಯಾನು, ಮೀನಿನ ಮೇಲೆ ಬೀಳುವ ನೀರು. ಕೆಳಗೆ ಬರಹ: "ಬಿಜೈ, ಕದ್ರಿಯವರು ಜಾಗ್ರತೆ. ಹೆಣ ಕೊಳೆಯದಂತೆ ಹಾಕುವ ಮದ್ದನ್ನು ಮೀನಿಗೆ ಹಾಕುತ್ತಿದ್ದಾಳೆ. ನಿಮ್ಮವರಿಗೆಲ್ಲ ಕಳಿಸಿ." ಅವಳ ತಲೆಯ ಮೇಲೆ ಬುಟ್ಟಿ ಇಡುವ ಬಟ್ಟೆಯ ಸಿಂಬಿ ಇತ್ತು, ಹಳದಿ ಬಣ್ಣದ್ದು. ಅದು ನನ್ನ ಕಾಲೇಜಿನ ದಿನದ ಚೂಡಿದಾರದ ಶಾಲು. ಅದನ್ನು ಸಿಂಬಿಗೆಂದು ಸುತ್ತಿ ಕೊಟ್ಟವಳು ನಾನು.

ಬಾಲ್ಕನಿಯಲ್ಲಿ ನಿಂತವರು ಕೆಳಗೆ ಇಳಿದು ಬಂದು "ಎಂತ ಅದು?" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಮೂರೇ ಮಹಡಿ. ಲಿಫ್ಟ್ ಬೇರೆ ಇದೆ. ಕ್ಯಾನಿಗೆ ಮೂಗು ಹಿಡಿದರೆ ಸಾಕಿತ್ತು. ಬಂಗುಡೆಯ ಕಿವಿರು ಎತ್ತಿ ನೋಡದೆ ಒಂದು ದಿನವೂ ಕೊಳ್ಳದ ಆ ಮನೆಗಳು, ಹದಿನಾಲ್ಕು ಸೆಕೆಂಡಿನ ವಿಡಿಯೊವನ್ನು ಮುಟ್ಟದೆ ಮೂಸದೆ ಹಾಗೆಯೇ ನುಂಗಿದವು. ಇದನ್ನು ನೆನೆದಾಗಲೆಲ್ಲ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಓದಿದವರು, ಡಾಕ್ಟರು, ಬ್ಯಾಂಕಿನವರು, ಮೇಷ್ಟ್ರುಗಳು ಇರುವ ಗ್ರೂಪು ಅದು. ಒಬ್ಬರು "ಅಯ್ಯೋ ದೇವರೇ" ಎಂದರು. ಒಬ್ಬರು "ನನಗೆ ಮೊದಲೇ ಡೌಟ್ ಇತ್ತು" ಎಂದರು. ಮೊದಲೇ ಡೌಟ್ ಇದ್ದವರು ಹಿಂದಿನ ದಿನ ಅವಳಿಂದ ಅಂಜಲ್ ಮೀನು ತೆಗೆದುಕೊಂಡು ತಲೆ ಭಾಗ ಬೇರೆಯೇ ಕಟ್ಟಿಸಿಕೊಂಡವರು.

ಮತ್ತು ನಾನು? ನಾನು ಕಂಪ್ಯೂಟರಿನ ಎದುರು ಕೂತು ಆ ಸುದ್ದಿಗೆ ಒಂದು ನಂಬರು ಕೊಟ್ಟೆ. ಯಾವ ಭಾವ ಎಂಬಲ್ಲಿ ಭಯ, ಅಸಹ್ಯ ಎಂದು ತುಂಬಿಸಿದೆ. ಹಾನಿ ಎಂಬಲ್ಲಿ ಮೂರು ಆಯ್ಕೆ ಇತ್ತು: ಇಲ್ಲ, ಇರಬಹುದು, ಇದೆ. ವಿಡಿಯೊ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಹಾನಿಗೆ ಪುರಾವೆ ಇಲ್ಲ, ನಿಯಮದಂತೆ "ಇರಬಹುದು" ಒತ್ತಿದೆ. ಮತ್ತೆ ಎದ್ದು ಹೋಗಿ ಯೋಜನೆಯ ಮುಖ್ಯಸ್ಥರಾದ ಸರ್ ಹತ್ತಿರ ಹೇಳಿದೆ, "ಸರ್, ಆ ವಿಡಿಯೊದಲ್ಲಿರುವವರು ನನಗೆ ಪರಿಚಯದವರು. ಅದು ಬರೀ ನೀರು."

ಪರಿಚಯದವರು ಎಂದೆ. ಚಿಕ್ಕಮ್ಮ ಎನ್ನಲಿಲ್ಲ.

ಸರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. "ಪಾಪ" ಎಂದರು. "ಆದರೆ ಆ ಗ್ರೂಪಿಗೆ ನಾವು ಬಾಯಿ ಹಾಕಿದರೆ ಮತ್ತೆ ಹೋಲಿಸುವುದು ಯಾವುದಕ್ಕೆ ಮಾರಾಯ್ರೆ? ಇನ್ನು ಸ್ವಲ್ಪ ವಾರ ಉಂಟು, ಅಷ್ಟೇ. ಮುಗಿದ ಮೇಲೆ ಎಲ್ಲರಿಗೂ ನಿಜ ಕಳಿಸುವ." ನಾನು ತಲೆಯಾಡಿಸಿದೆ. ಡೇಟಾ ಕೆಡಬಾರದು. ಮೀನು ಕೆಟ್ಟರೆ ಊರೆಲ್ಲ ಮೂಗು ಮುಚ್ಚುತ್ತದೆ, ಮನುಷ್ಯಳ ಹೆಸರು ಕೆಟ್ಟರೆ ಅದು ಡೇಟಾ.

ಆ ವಾರ ಚಿಕ್ಕಮ್ಮ ಮನೆಗೆ ಬಂದು ಹೇಳಿದಳು, "ಬಿಜೈಯಲ್ಲಿ ಎಲ್ಲರಿಗೂ ಎಂತದೋ ವ್ರತ ಮಗಾ. ಒಬ್ಬರಿಗೆ ಸಂಕಷ್ಟಿ, ಒಬ್ಬರಿಗೆ ಸೋಮವಾರ, ಒಬ್ಬರ ಮನೆಯಲ್ಲಿ ಮಾವನ ತಿಥಿ ಅಂತೆ. ಆ ಮಾವ ಸತ್ತದ್ದು ಮಳೆಗಾಲದಲ್ಲಿ, ನನಗೆ ನೆನಪುಂಟು." ಅಷ್ಟು ಮೀನುಪ್ರಿಯರು ಒಂದೇ ಗೇಟಿನ ಒಳಗೆ, ಒಂದೇ ವಾರದಲ್ಲಿ ಭಕ್ತರಾದದ್ದನ್ನು ಕಂಡು ಅವಳು ನಗುತ್ತಿದ್ದಳು. ಅವಳ ಹತ್ತಿರ ಇರುವುದು ಬಟನ್ ಒತ್ತುವ ಸಣ್ಣ ಫೋನು. "ಕಾಣೆ ಉಂಟಾ? ಸಿಗಡಿ ಉಂಟಾ?" ಎಂದು ಬೆಳಗ್ಗೆಯಿಂದ ಬಡಿದುಕೊಳ್ಳುತ್ತಿದ್ದ ಆ ಫೋನು ಸುಮ್ಮನಾಯಿತು. ಚಾರ್ಜ್ ಸರಿ ನಿಲ್ಲುತ್ತಿಲ್ಲ ಎಂದು ಅದನ್ನು ಪಂಪ್‌ವೆಲ್‌ನ ಒಂದು ಅಂಗಡಿಗೆ ಒಯ್ದು ತೋರಿಸಿಕೊಂಡು ಬಂದಳು. ಫೋನಿಗೆ ಏನೂ ಆಗಿರಲಿಲ್ಲ.

ಮಾರಿ ಮುಗಿಯದ ಮೀನು ಮನೆಗೆ ಬರತೊಡಗಿತು. ಅವಳ ಜೀವಮಾನದಲ್ಲಿ ಬುಟ್ಟಿಯ ಒಳ್ಳೆಯ ಮೀನು ಮನೆಗೆ ಬಂದದ್ದಿಲ್ಲ. ನಮಗೆ ಯಾವಾಗಲೂ ಅಗ್ಗದ ಬೂತಾಯಿ, ಅದೂ ಹೊಟ್ಟೆ ಒಡೆದದ್ದು. ಈಗ ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ಒಂದು ದಿನ ಅಂಜಲ್ ಸಾರು. "ತಿನ್ನು ಮಗಾ, ನಮಗೂ ಒಂದು ಕಾಲ ಬರಲಿ" ಎಂದು ನನ್ನ ಬಟ್ಟಲಿಗೆ ಹೊಟ್ಟೆಯ ಭಾಗವನ್ನೇ ಹಾಕುತ್ತಿದ್ದಳು. ನಾನು ತಿಂದೆ. ಮುಳ್ಳು ಬಿಡಿಸಿ ಬಿಡಿಸಿ ತಿಂದೆ. ಚೆನ್ನಾಗಿದೆ ಎಂದೂ ಹೇಳಿದೆ. ತಿಂದು ಉಳಿದದ್ದಕ್ಕೆ ಅವಳು ಉಪ್ಪು ಹಾಕಿ ಅಂಗಳದಲ್ಲಿ ಒಣಗಿಸಿದಳು.

ಹತ್ತು ದಿನ ಕಳೆದ ಮೇಲೆ ಆ ಫ್ಲಾಟಿನ ವಾಚ್‌ಮನ್ ಗೇಟಿನಲ್ಲೇ ತಡೆದ. ಅವನೂ ಒಳ್ಳೆಯವನೇ. ಬಾಯಲ್ಲಿ ಹೇಳಲಾಗದೆ ತನ್ನ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ತನ್ನನ್ನು ತಾನು ಮೇಲಿನಿಂದ ಯಾವತ್ತೂ ನೋಡದ ಚಿಕ್ಕಮ್ಮ "ಯಾರದು, ಪಾಪ?" ಎಂದು ಕೇಳಿದಳಂತೆ. ಆಮೇಲೆ ಹಳದಿ ಸಿಂಬಿ ಕಣ್ಣಿಗೆ ಬಿತ್ತು.

ಆ ಮಧ್ಯಾಹ್ನ ಅವಳು ಬುಟ್ಟಿಯೊಂದಿಗೆ ನಮ್ಮ ಆಫೀಸಿನ ಕೆಳಗೆ ಬಂದು ನಿಂತು ನನ್ನನ್ನು ಕರೆಸಿದಳು. ಅಳುತ್ತಿರಲಿಲ್ಲ. ಬಿಸಿಲಿಗೂ ಸಿಟ್ಟಿಗೂ ಮುಖ ಕಾವಲಿಯಂತೆ ಕಾದಿತ್ತು. "ನಿನ್ನ ಆಫೀಸಿನವರು ಇದನ್ನೇ ಅಲ್ವಾ ಹಿಡಿಯುವುದು? ಸುಳ್ಳು? ಹಿಡಿ ಇದನ್ನು. ಇಡೀ ದಕ್ಕೆಯಲ್ಲಿ ಹೇಳಿದ್ದೇನೆ, ನನ್ನ ಮಗಳು ನೋಡಿಕೊಳ್ತಾಳೆ ಅಂತ."

ನಾನು ಏನು ಮಾಡಿದೆ ಎಂದು ಬರೆಯಲೇಬೇಕು. "ಎಂತ ವಿಡಿಯೊ?" ಎಂದು ಕೇಳಿದೆ. ಅವಳು ವಿವರಿಸಿದಳು. ನಾನು ಹುಬ್ಬು ಮೇಲೆ ಮಾಡಿ, ಮೊದಲ ಸಲ ಕೇಳಿದವಳ ಹಾಗೆ ಕೇಳಿದೆ. "ನೋಡ್ತೇನೆ" ಎಂದೆ. ಊರಿನ ಸುಳ್ಳನ್ನೆಲ್ಲ ಪಟ್ಟಿ ಮಾಡುವವಳು ಸಾಕಿದ ತಾಯಿಯ ಎದುರು ನಿಂತು ಹೇಳಿದ ಈ ಸುಳ್ಳಿಗೆ ನಂಬರು ಯಾರು ಕೊಡಬೇಕು?

ಮೇಲೆ ಹೋಗಿ ಸರ್ ಹತ್ತಿರ ಈ ಸಲ ಚಿಕ್ಕಮ್ಮ ಎಂದೇ ಹೇಳಿದೆ. ಅವರ ಮುಖ ಬಾಡಿತು. "ಅಯ್ಯೋ, ಇದು ಇನ್ನೂ ಕಷ್ಟ. ನಿಮ್ಮ ಮನೆಯವರು ಅಂತ ನಿಯಮ ಮುರಿದರೆ ವರದಿಯನ್ನು ಯಾರು ನಂಬ್ತಾರೆ? ಸ್ವಲ್ಪ ತಾಳಿ." ನಾನು ಆಗ ಎದ್ದು ಬರಬೇಕಿತ್ತು. ಬರಲಿಲ್ಲ. ವರದಿಯಲ್ಲಿ ನನ್ನ ಹೆಸರು ಬರುವುದಿತ್ತು, ಕೆಲಸ ಮುಂದುವರಿಯುವ ಮಾತೂ ಇತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಚಿಕ್ಕಮ್ಮ ಒಂದು ವಾರ ಕಾದಳು. ಅವಳು ಕಾದದ್ದು ನನಗೆ ಮಾತ್ರ ಅಲ್ಲ. "ಕ್ಯಾನು ಕೊಡುವ ಅಮ್ಮನಿಗೆ ಗೊತ್ತುಂಟಲ್ಲ, ಅದು ಅವರದ್ದೇ ನೀರು ಅಂತ. ಅವರು ಇವತ್ತಲ್ಲ ನಾಳೆ ಹೇಳ್ತಾರೆ" ಎನ್ನುತ್ತಿದ್ದಳು. ಅವರು ಹೇಳಲಿಲ್ಲ. ಆ ಗ್ರೂಪಿನಲ್ಲಿ ಅವರು ದಿನಾ ಬೆಳಗ್ಗೆ ಹೂವಿನ ಚಿತ್ರದ ಜೊತೆ ಶುಭೋದಯ ಹಾಕುತ್ತಿದ್ದುದನ್ನು ನಾನು ನೋಡುತ್ತಲೇ ಇದ್ದೆ, ಅದಕ್ಕೂ ನಂಬರು ಕೊಡುತ್ತಲೇ ಇದ್ದೆ. ನೋಡಿದಷ್ಟೂ ನನ್ನ ಸಿಟ್ಟೆಲ್ಲ ಆ ಹೆಂಗಸಿನ ಮೇಲೆ ತಿರುಗಿತು. ಬೇರೆಯವರಿಗೆ ಗೊತ್ತಿರಲಿಲ್ಲ ಎನ್ನಬಹುದು, ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿ ಕೂತವರಿಗೆ ಕ್ಷಮೆ ಇಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ. ಒಂದು ಶುಕ್ರವಾರ ರಜೆ ಹಾಕಿ, "ಬಾ, ಅವರ ಮನೆಗೆ ಹೋಗುವ. ನಾನು ಕೇಳ್ತೇನೆ" ಎಂದೆ. ಚಿಕ್ಕಮ್ಮ ತೊಳೆದ ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಸಿಕೊಂಡು ಬಂದಳು. ಬುಟ್ಟಿ ಇಲ್ಲದೆ ಆ ಮನೆಯ ಬಾಗಿಲಿಗೆ ಹೋಗಿ ಗೊತ್ತಿರಲಿಲ್ಲ ಅವಳಿಗೆ.

ಬಾಗಿಲು ತೆರೆದ ಆ ಹೆಂಗಸು ಮೊದಲು ನನ್ನನ್ನು ನೋಡಿ ನಕ್ಕರು, ಆಮೇಲೆ ಹಿಂದೆ ನಿಂತ ಚಿಕ್ಕಮ್ಮನನ್ನು ನೋಡಿ ನಗು ನಿಲ್ಲಿಸಿದರು. ನಾನು ಕೂರಲಿಲ್ಲ. "ಇವರು ನನ್ನ ಚಿಕ್ಕಮ್ಮ. ನೀವು ಕೊಟ್ಟ ಕ್ಯಾನು, ನಿಮ್ಮ ಫ್ರಿಜ್ಜಿನ ನೀರು. ಒಂದು ಸಾಲು ಬರೆಯಲು ನಿಮಗೆ ಎಂತ ತೊಂದರೆ ಇತ್ತು?" ಎಂದು ಏರಿದ ದನಿಯಲ್ಲೇ ಕೇಳಿದೆ.

ಅವರು ಕೈ ಹಿಸುಕಿಕೊಂಡರು. "ಕ್ಯಾನು ನಮ್ಮ ಹೋಟೆಲಿನದ್ದು ಅಂತ ಗೊತ್ತಾದರೆ, ಹೋಟೆಲಿನ ಮೀನಿಗೂ ಅದನ್ನೇ ಹಾಕ್ತಾರೆ ಅಂತ ನಾಳೆ ಇವರೇ ಕಳಿಸ್ತಾರೆ. ಒಮ್ಮೆ ಕಳಿಸಿದರೆ ನಿಲ್ಲಿಸ್ಲಿಕ್ಕೆ ಆಗ್ತದಾ? ನನಗೆ ಹೆದರಿಕೆ ಆಯ್ತು."

"ಹೆದರಿಕೆಯಾ?" ಎಂದು ನಾನು ಇನ್ನೂ ಏರಿ ಹೋದೆ. ಹೊಟ್ಟೆಯ ಮೇಲೆ ಹೊಡೆದದ್ದು, ಮುಖಕ್ಕೆ ಮಸಿ ಬಳಿದದ್ದು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಚಿಕ್ಕಮ್ಮ ನನ್ನ ತೋಳು ಹಿಡಿದು, "ಸಾಕು ಮಗಾ" ಎಂದಳು. ಅವಳ ಮುಖದಲ್ಲಿ ನನ್ನ ಬಗ್ಗೆ ಹೆಮ್ಮೆ ಇತ್ತು. ಅದನ್ನು ನಾನು ನೋಡಿದೆ.

ಆಗ ಆ ಹೆಂಗಸು, ಜಗಳಕ್ಕಲ್ಲ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು. "ಅಲ್ಲ, ನೀವೂ ಆ ಗ್ರೂಪಿನಲ್ಲಿ ಇದ್ದೀರಲ್ಲ? ವಿಡಿಯೊ ಬಂದ ದಿನವೂ ಇದ್ರಿ. ನಿಮ್ಮ ಕೆಲಸವೇ ಅದು, ನೀವೇ ಹೇಳ್ತೀರಿ ಅಂತ ನಾನು ಕಾದೆ. ನೀವು ಎಂತದ್ದೂ ಬರೆಯಲಿಲ್ಲ. ಮತ್ತೆ ನಿಜವೇ ಇರ್ಬಹುದಾ ಅಂತ ನನಗೂ ಒಂದು ಕ್ಷಣ ಡೌಟ್ ಬಂತು."

ತನ್ನ ಫ್ರಿಜ್ಜಿನ ನೀರಿನ ಮೇಲೆಯೇ ಅವರಿಗೆ ಡೌಟ್ ಬಂದಿತ್ತು, ನಾನು ಸುಮ್ಮನಿದ್ದುದರಿಂದ. ನಮ್ಮ ವರದಿಯಲ್ಲಿ ಇದಕ್ಕೆ ಒಂದು ಕಾಲಂ ಇಲ್ಲ.

ಅಲ್ಲೇ, ಅವರ ಬಾಗಿಲಲ್ಲಿ ನಿಂತು, ಮೊಬೈಲ್ ತೆಗೆದು ಗ್ರೂಪಿಗೆ ಬರೆದೆ. ವಿಡಿಯೊದಲ್ಲಿ ಇರುವುದು ನನ್ನ ಚಿಕ್ಕಮ್ಮ, ಕ್ಯಾನಿನಲ್ಲಿ ಇದ್ದದ್ದು ನೀರು, ನೀರು ಕೊಟ್ಟವರು ಇದೇ ಗ್ರೂಪಿನಲ್ಲಿದ್ದಾರೆ. ಆ ಹೆಂಗಸು ಅದನ್ನು ಓದಿ, ತಮ್ಮ ಮೊಬೈಲಿನಲ್ಲಿ "ಹೌದು, ನಾನೇ ಕೊಟ್ಟದ್ದು" ಎಂದು ಬರೆದರು. ಅಷ್ಟು ಧೈರ್ಯ ಅವರಿಗೆ ಬಂತು, ಅದನ್ನು ಇಲ್ಲ ಎನ್ನಲಾರೆ. ಮೂವರು ಕೈಮುಗಿಯುವ ಚಿತ್ರ ಹಾಕಿದರು. ಒಬ್ಬರು ಹೆಬ್ಬೆರಳು ಎತ್ತಿದರು. "ಸಾರಿ" ಎಂದು ಒಬ್ಬರೂ ಬರೆಯಲಿಲ್ಲ. ಅದರ ಕೆಳಗೆ, ನಾಳೆ ನೀರಿನ ಟ್ಯಾಂಕ್ ತೊಳೆಯುತ್ತಾರೆ, ಬಕೆಟ್ ತುಂಬಿಸಿಟ್ಟುಕೊಳ್ಳಿ ಎಂಬ ಸೂಚನೆ ಬಂತು. ಕೋಟೆ ಸೂರೆ ಹೋದ ಮೇಲೆ ನಾನು ದಿಡ್ಡಿ ಬಾಗಿಲು ಹಾಕಿದ್ದೆ. ಸರ್ ಆ ಗ್ರೂಪಿನಿಂದ ಅಲ್ಲಿಯವರೆಗೆ ಬಂದದ್ದನ್ನು ವರದಿಗೆ ಇಟ್ಟುಕೊಂಡು, ನನ್ನ ಆ ಸಂದೇಶವನ್ನೂ ಅದರ ನಂತರದ್ದನ್ನೂ ಬಿಟ್ಟುಬಿಟ್ಟರು.

ಚಿಕ್ಕಮ್ಮ ಮೆಟ್ಟಿಲು ಇಳಿದು, ಗೇಟು ದಾಟಿ, ಬಸ್ ಸ್ಟಾಪಿನ ಕಡೆಗೆ ನಡೆದಳು. ನಾನು ಹಿಂದಿನಿಂದ ಹೇಳುತ್ತಲೇ ಬಂದೆ. ನಿಯಮ ಹಾಗಿತ್ತು, ಹೋಲಿಸಬೇಕಿತ್ತು, ಇದರಿಂದ ಮುಂದೆ ನೂರಾರು ಜನರಿಗೆ ಪ್ರಯೋಜನ ಇದೆ. ಅವಳಿಗೆ ಅರ್ಥವಾಗಲಿಲ್ಲ ಎಂದಲ್ಲ. ಜೀವನಪೂರ್ತಿ ಮೀನು ಪರೀಕ್ಷೆ ಮಾಡಿದವಳಿಗೆ ನಾನು ಹೇಳುತ್ತಿದ್ದುದರ ವಾಸನೆ ಮೊದಲ ಮಾತಿಗೇ ಬಡಿದಿರಬೇಕು. ಸ್ಟಾಪಿನಲ್ಲಿ ನಿಂತು, ರಸ್ತೆಯನ್ನೇ ನೋಡುತ್ತ ಕೇಳಿದಳು, "ಎಷ್ಟು ದಿನ ಆಯ್ತು, ನೀನು ನೋಡಿ?"

"ಹದಿನೆಂಟು."

ಅವಳು ಬೆರಳು ಮಡಚಿ ಎಣಿಸಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಬದುಕಲು ದಾರಿಯಾಗುತ್ತಿತ್ತು.

"ಹದಿನೆಂಟು ದಿನ ನಾನು ಬಡಿಸಿದ ಮೀನು ತಿಂದಿ" ಎಂದಳು.

ನಮ್ಮ ಮನೆಯ ಮೇಲಿಂದ ದಕ್ಕೆಯ ಕಡೆಗೆ ಹೋಗುವ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತಳು. ಯಾವಾಗಲೂ ಕಾಲಿನ ಬಳಿ ಇಡುವ ಬುಟ್ಟಿಯನ್ನು ಆ ದಿನ ಪಕ್ಕದ ಸೀಟಿನ ಮೇಲೆ ಇಟ್ಟಳು. ನಾನು ಕಂಬಿ ಹಿಡಿದು ಮನೆಯವರೆಗೂ ನಿಂತೇ ಬಂದೆ.